ಪಂಕ್ತಿ, ಮೇಜು, ಬೀದಿ: ಬೆಂಗಳೂರಿನ ಉಪಾಹಾರಗೃಹಗಳ ಸಾಮಾಜಿಕ ಚರಿತ್ರೆ

ಪೀಠಿಕೆ

ಒಂದು ನಗರದ ಚರಿತ್ರೆಯನ್ನು ಅದರ ಕೋಟೆ, ಕೆರೆ, ಗುಡಿ, ಪೇಟೆಗಳ ಮೂಲಕ ಬರೆಯುವ ಪದ್ಧತಿ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ಆ ನಗರದ ಜನ ಮನೆಯಿಂದ ಹೊರಗೆ ಎಲ್ಲಿ ಉಂಡರು, ಯಾರ ಕೈಯ ಅಡುಗೆಯನ್ನು ಉಂಡರು, ಯಾರ ಪಕ್ಕದಲ್ಲಿ ಕುಳಿತು ಉಂಡರು ಎಂಬ ಪ್ರಶ್ನೆಗಳಿಗೆ ಅಷ್ಟು ಗಮನ ಸಂದಿಲ್ಲ. ಹೋಟೆಲು, ತಳ್ಳುಗಾಡಿ, ತಿಂಡಿ ಬೀದಿ ಇವು ರುಚಿಯ ವಿಷಯಗಳೆಂದು ಪರಿಗಣಿತವಾಗಿ ಪತ್ರಿಕೆಗಳ ಪುರವಣಿಗಳಿಗೆ ಸೀಮಿತಗೊಂಡಿವೆ. ಆದರೆ ಉಣ್ಣುವ ಪಂಕ್ತಿಯೇ ಜಾತಿಯ ಮೇರೆಯನ್ನು ನಿರ್ಧರಿಸುತ್ತಿದ್ದ ಸಮಾಜದಲ್ಲಿ, ಹಣ ಕೊಟ್ಟವರಿಗೆಲ್ಲ ಅನ್ನ ಬಡಿಸುವ ಮನೆಯೊಂದು ಬೀದಿಗೆ ಬಾಗಿಲು ತೆರೆದುದು ಸಣ್ಣ ಘಟನೆಯಲ್ಲ.

ಈ ಚರಿತ್ರೆಗೆ ಆಕರಗಳು ವಿರಳ. ಹೋಟೆಲುಗಳು ದಫ್ತರಗಳನ್ನು ಕಾಪಾಡಿಕೊಂಡು ಬಂದ ಸಂಸ್ಥೆಗಳಲ್ಲ. ತಳ್ಳುಗಾಡಿಗೆ ದಫ್ತರವೆಂಬುದೇ ಇಲ್ಲ. ಆದರೂ ಒಂದು ಆಕರ ಎಲ್ಲರ ಕಣ್ಣೆದುರಿಗೇ ಇದೆ. ಅದು ನಾಮಫಲಕ. 'ಬ್ರಾಹ್ಮಣರ', 'ಉಡುಪಿ', 'ಅಯ್ಯಂಗಾರ್', 'ಮಿಲಿಟರಿ', 'ಹಿಂದೂ ಮಿಲಿಟರಿ', 'ಖಾನಾವಳಿ', 'ದರ್ಶಿನಿ' ಎಂಬ ಪದಗಳು ಕೇವಲ ಹೆಸರುಗಳಲ್ಲ. ಒಳಗೆ ಬೇಯುವುದೇನು, ಬೇಯಿಸುವವರು ಯಾರು, ಕೂರಲು ಹಿಂಜರಿಯಬೇಕಾಗಿಲ್ಲದವರು ಯಾರು ಎಂಬುದನ್ನು ಬಾಗಿಲಲ್ಲೇ ಸಾರುವ ಘೋಷಣೆಗಳು. ಶಾಸನದ ಬಿರುದುಗಳನ್ನು ಓದುವ ಎಚ್ಚರದಿಂದಲೇ ಇವುಗಳನ್ನೂ ಓದಬಹುದು. ಬೆಂಗಳೂರಿನಲ್ಲಿ ಸಹಭೋಜನದ ವ್ಯಾಪ್ತಿ ಉಪದೇಶದಿಂದ ಹಿಗ್ಗಿದ್ದಕ್ಕಿಂತ ಹೆಚ್ಚಾಗಿ ಬಡಿಸುವ ವ್ಯವಸ್ಥೆಯ ಬದಲಾವಣೆಯಿಂದ ಹಿಗ್ಗಿತು. ಆದರೆ ಹಿಗ್ಗಿದಾಗಲೆಲ್ಲ ಹಳೆಯ ಗೆರೆ ಅಳಿಸಿಹೋಗದೆ ಬೇರೆಡೆಗೆ ಸರಿಯಿತು ಎಂಬುದನ್ನು ತೋರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಇಡುವ ಅನ್ನ, ಮಾರುವ ತಿಂಡಿ

ಕನ್ನಡದಲ್ಲಿ ಆಹಾರದ ಬಗೆಗಿನ ಬರಹಕ್ಕೆ ಸಾವಿರ ವರ್ಷಗಳ ಪರಂಪರೆಯಿದೆ. ಹತ್ತನೆಯ ಶತಮಾನದ 'ವಡ್ಡಾರಾಧನೆ'ಯಲ್ಲಿ ಇಡ್ಡಲಿಗೆಯ ಉಲ್ಲೇಖವಿದೆ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಅಡುಗೆಗೆ ಪ್ರತ್ಯೇಕ ಅಧ್ಯಾಯವೇ ಮೀಸಲಾಗಿದೆ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ವು ಅರಸನ ಊಟದ ಮಾಂಸಾಹಾರ, ಸಸ್ಯಾಹಾರಗಳೆರಡನ್ನೂ ವಿವರಿಸುತ್ತದೆ. ಹದಿನಾರನೆಯ ಶತಮಾನದ ಆರಂಭಕ್ಕೆ ಸೇರಿದ ಮೂರನೆಯ ಮಂಗರಸನ 'ಸೂಪಶಾಸ್ತ್ರ'ವು ಪಾಕವಿಧಿಗಳನ್ನೇ ಕಾವ್ಯವಾಗಿಸಿತು. ಈ ಕೃತಿಗಳು ಪರಿಚಯಿಸುವುದು ಮುಖ್ಯವಾಗಿ ಅರಮನೆ ಹಾಗೂ ಸ್ಥಿತಿವಂತರ ಅಡುಗೆಮನೆಗಳನ್ನು. ದಾರಿಯಲ್ಲಿ ಹಸಿದವನು ಏನು ತಿಂದನೆಂಬುದನ್ನು ತಿಳಿಯಲು ಬೇರೆ ಕಡೆಗೆ ನೋಡಬೇಕು.

ಅದಕ್ಕೆ ಉತ್ತರ ಸಿಗುವುದು ಸತ್ರ, ಛತ್ರ, ಮಠಗಳಲ್ಲಿ. ಅನ್ನಸತ್ರಗಳಿಗೆ ಭೂಮಿ ಬಿಟ್ಟುಕೊಟ್ಟ ದಾನಶಾಸನಗಳು ಕರ್ನಾಟಕದ ಉದ್ದಗಲಕ್ಕೂ ದೊರೆಯುತ್ತವೆ. ಅನ್ನವನ್ನು ಇಡಬೇಕು, ಮಾರಬಾರದು ಎಂಬುದು ಲೋಕದ ನಂಬಿಕೆಯಾಗಿತ್ತು. ಇಟ್ಟ ಅನ್ನಕ್ಕೂ ಪಂಕ್ತಿಯ ಕಟ್ಟುಪಾಡುಗಳಿದ್ದವು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮಹಾಮನೆಯ ದಾಸೋಹವು ಈ ಪಂಕ್ತಿಭೇದವನ್ನು ತಾತ್ವಿಕವಾಗಿಯೇ ನಿರಾಕರಿಸಿತು. ಆದರೆ ಅದು ಸಮಾನ ಶ್ರದ್ಧೆಯುಳ್ಳವರ ಪಂಕ್ತಿ. ಶ್ರದ್ಧೆಯ ಸಂಬಂಧವೂ ಇಲ್ಲದ, ಪರಸ್ಪರ ಹೆಸರೂ ತಿಳಿಯದ ಇಬ್ಬರು ಒಂದೇ ಮೇಜಿಗೆ ಕೂರುವ ಸಂದರ್ಭ ಒದಗಲು ನಗರವೂ ನಾಣ್ಯವೂ ಬೇಕಾಗಿದ್ದವು.

ಹಾಗೆಂದು ಹಳೆಯ ಪೇಟೆಯಲ್ಲಿ ತಿನಿಸಿನ ಮಾರಾಟವೇ ಇರಲಿಲ್ಲವೆಂದಲ್ಲ. ಇಲ್ಲಿ 'ಮುಸುರೆ' ಎಂಬ ಪರಿಕಲ್ಪನೆಯನ್ನು ಗಮನಿಸಬೇಕು. ನೀರಿನಲ್ಲಿ ಬೇಯಿಸಿದ ಅನ್ನ, ಸಾರು, ಹುಳಿಗಳು ಮುಸುರೆ. ಅವುಗಳನ್ನು ಮುಟ್ಟಿದ ಕೈ, ಪಾತ್ರೆ, ನೆಲ ಎಲ್ಲವೂ ಶುದ್ಧಿಗೆ ಒಳಪಡಬೇಕು. ಹುರಿದ, ಅರಳಿಸಿದ, ಬೆಲ್ಲದ ಪಾಕದಲ್ಲಿ ಕಟ್ಟಿದ ತಿನಿಸುಗಳಿಗೆ ಈ ನಿರ್ಬಂಧ ಸಡಿಲ. ಕಡಲೆಪುರಿ, ಹುರಿಗಡಲೆ, ಕಡಲೆಕಾಯಿ, ಬೆಂಡು, ಬತ್ತಾಸುಗಳು ಜಾತ್ರೆ ಸಂತೆಗಳಲ್ಲಿ ಎಲ್ಲರೂ ಎಲ್ಲರಿಂದಲೂ ಕೊಳ್ಳಬಹುದಾದ ತಿನಿಸುಗಳಾಗಿ ಉಳಿದು ಬಂದುದಕ್ಕೆ ಇದೂ ಒಂದು ಕಾರಣವೆನ್ನಬಹುದು. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಸೇರುವ ಕಡಲೆಕಾಯಿ ಪರಿಷೆಯಲ್ಲಿ ಸೇರಿನಿಂದ ಅಳೆದ ಕಾಯಿಯನ್ನು ಕೊಳ್ಳುವಾಗ ಮಾರುವವರ ಕುಲವನ್ನು ವಿಚಾರಿಸುವ ಅಗತ್ಯ ಬೀಳುವುದಿಲ್ಲ. ಬೀದಿ ತಿಂಡಿಯ ಚರಿತ್ರೆ ಆರಂಭವಾಗುವುದು ಮುಸುರೆಯ ಗೆರೆಯ ಈಚೆಗೆ. ಹೋಟೆಲಿನ ಚರಿತ್ರೆ ಆರಂಭವಾಗುವುದು ಆ ಗೆರೆಯನ್ನು ದಾಟಿದಾಗ.

ಪೇಟೆ, ದಂಡು, ಬಡಾವಣೆ

1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಪ್ರತೀತಿಯಿರುವ ಪೇಟೆಯು ಕಸುಬು, ಸರಕುಗಳ ಮೇಲೆ ವಿಂಗಡಣೆಗೊಂಡ ಊರು. ಅಕ್ಕಿಪೇಟೆ, ತರಗುಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳೇ ಇದನ್ನು ಹೇಳುತ್ತವೆ. ಕೆಲಸದ ಜಾಗವೂ ಮನೆಯೂ ಅಕ್ಕಪಕ್ಕದಲ್ಲಿದ್ದಾಗ ಹೊರಗಿನ ಊಟದ ಅಗತ್ಯ ಕಡಿಮೆ. 1809ರಲ್ಲಿ ಬ್ರಿಟಿಷರ ದಂಡು ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂದ ಮೇಲೆ ಪೇಟೆಯ ಪೂರ್ವಕ್ಕೆ ಇನ್ನೊಂದು ಊರು ಬೆಳೆಯಿತು. ತಮಿಳು, ತೆಲುಗು, ಉರ್ದು, ಇಂಗ್ಲಿಷ್ ಭಾಷೆಗಳನ್ನಾಡುವ ಸಿಪಾಯಿಗಳು, ಗುತ್ತಿಗೆದಾರರು, ಬಟ್ಲರುಗಳು, ಕಟುಕರು, ರೊಟ್ಟಿ ಸುಡುವವರು ಅಲ್ಲಿ ನೆಲೆಸಿದರು. 1864ರಲ್ಲಿ ದಂಡಿನ ಪ್ರದೇಶಕ್ಕೆ ಜೋಲಾರಪೇಟೆಯ ಕಡೆಯಿಂದ ರೈಲು ಬಂದಿತು. ಎರಡು ಊರುಗಳ ಆಡಳಿತ 1949ರವರೆಗೂ ಬೇರೆಬೇರೆಯಾಗಿಯೇ ಇತ್ತು. ಅವುಗಳ ಹೊಟ್ಟೆಯೂ ಬೇರೆಯಾಗಿಯೇ ಇತ್ತೆಂದರೆ ತಪ್ಪಾಗಲಾರದು.

1898ರ ಪ್ಲೇಗು ಪೇಟೆಯ ಜನರನ್ನು ಹೊರಕ್ಕೆ ದೂಡಿತು. 1890ರ ದಶಕದಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಬೀದಿಗಳು ಅಗಲವಾದವು, ಮನೆಗಳಿಗೆ ಗಾಳಿ ಬೆಳಕು ಬಂದವು. ಆದರೆ ನಿವೇಶನಗಳ ಹಂಚಿಕೆಯಲ್ಲಿ ಜಾತಿವಾರು ವಿಂಗಡಣೆ ಉಳಿಯಿತು. ಈ ಬಡಾವಣೆಗಳಿಂದ ಕಚೇರಿಗೆ, ಕಾಲೇಜಿಗೆ, ಗಿರಣಿಗೆ ದಿನವೂ ಹೋಗಿಬರುವ ಹೊಸ ಜೀವನಕ್ರಮ ಆರಂಭವಾಯಿತು. ಮನೆಯಿಂದ ದೂರದಲ್ಲಿ ಮಧ್ಯಾಹ್ನ ಕಳೆಯುವ ಗುಮಾಸ್ತ, ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿ, ನ್ಯಾಯಾಲಯದ ಕೆಲಸಕ್ಕೆ ಹಳ್ಳಿಯಿಂದ ಬಂದ ಕಕ್ಷಿಗಾರ ಇವರಿಗೆ ಛತ್ರ ಸಾಲದು, ಕಡಲೆಪುರಿಯೂ ಸಾಲದು. ಹೋಟೆಲಿನ ಗಿರಾಕಿ ಹುಟ್ಟಿದ್ದು ಇಲ್ಲಿ.

ಕರಾವಳಿಯಿಂದ ಬಂದ ಅಡುಗೆ

ಈ ಗಿರಾಕಿಗೆ ಅಡುಗೆ ಮಾಡಿ ಬಡಿಸಲು ಬಂದವರಲ್ಲಿ ಪ್ರಮುಖರು ದಕ್ಷಿಣ ಕನ್ನಡ ಜಿಲ್ಲೆಯ, ವಿಶೇಷವಾಗಿ ಉಡುಪಿ, ಕೋಟ, ಕುಂದಾಪುರಗಳ ಬ್ರಾಹ್ಮಣರು. ದೇವಸ್ಥಾನ ಮತ್ತು ಮಠಗಳಲ್ಲಿ ನೂರಾರು ಎಲೆಗಳಿಗೆ ಒಮ್ಮೆಗೇ ಬಡಿಸುವ ಅಡುಗೆಯ ಪರಿಣತಿ ಅವರಲ್ಲಿತ್ತು; ಹಂಚಿ ಹೋದ ಹಿಡುವಳಿಯಿಂದ ಎಲ್ಲರ ಹೊಟ್ಟೆ ತುಂಬುತ್ತಿರಲಿಲ್ಲ. 1921ರಲ್ಲಿ ಕೆ. ಸೀತಾರಾಮ ರಾಯರು ಮೈಸೂರಿನಲ್ಲಿ 'ದಾಸಪ್ರಕಾಶ'ವನ್ನು ಆರಂಭಿಸಿದರು. ಕೋಟದ ಸಮೀಪದ ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ 'ಬ್ರಾಹ್ಮಿನ್ ಕಾಫಿ ಕ್ಲಬ್' ತೆರೆದರು. ಮುಂದೆ 'ಮಾವಳ್ಳಿ ಟಿಫಿನ್ ರೂಮ್ಸ್' ಎಂದು ಹೆಸರಾದುದು ಇದೇ.

'ಬ್ರಾಹ್ಮಿನ್ ಕಾಫಿ ಕ್ಲಬ್' ಎಂಬ ಹೆಸರನ್ನು ಬಿಡಿಸಿ ನೋಡಬೇಕು. ಅದರಲ್ಲಿ ಮೂರು ಪದಗಳು ಮೂರು ಕಡೆಯಿಂದ ಬಂದಿವೆ. 'ಕ್ಲಬ್' ಎಂಬುದು ದಂಡು ಪ್ರದೇಶದ ದೊರೆಗಳ ಸಂಸ್ಥೆ, ಸದಸ್ಯರಲ್ಲದವರಿಗೆ ಮುಚ್ಚಿದ ಬಾಗಿಲು. 'ಕಾಫಿ' ಎಂಬುದು ಶಾಸ್ತ್ರಗ್ರಂಥಗಳಿಗೆ ಗೊತ್ತಿಲ್ಲದ ಪಾನೀಯ. ಶಾಸ್ತ್ರ ನಿಷೇಧಿಸದ ಕಾರಣ ಸಂಪ್ರದಾಯಸ್ಥರ ಮನೆಗಳಿಗೂ ಬೇಗನೆ ಹೊಕ್ಕಿತು. 'ಬ್ರಾಹ್ಮಿನ್' ಎಂಬುದು ಅಡುಗೆಯವನ ಕುಲದ ಪ್ರಮಾಣಪತ್ರ. ಬ್ರಾಹ್ಮಣನ ಕೈಯ ಅಡುಗೆಯನ್ನು ಯಾವ ಜಾತಿಯವರೂ ಉಣ್ಣಬಹುದೆಂಬ ಶ್ರೇಣೀಕರಣದ ನಿಯಮವೇ ವ್ಯಾಪಾರದ ದೃಷ್ಟಿಯಿಂದ ಅನುಕೂಲವಾಯಿತು. ಹೊರಗಿಡುವ ಪದವೇ ಹೆಚ್ಚು ಗಿರಾಕಿಗಳನ್ನು ಒಳಗೆ ತರುವ ಪದವೂ ಆಯಿತು. ಈ ಇಬ್ಬಗೆಯನ್ನು ಗ್ರಹಿಸದೆ ಉಡುಪಿ ಹೋಟೆಲುಗಳನ್ನು ಸಂಪ್ರದಾಯದ ಕೋಟೆಗಳೆನ್ನುವುದಾಗಲಿ, ಸುಧಾರಣೆಯ ಕೇಂದ್ರಗಳೆನ್ನುವುದಾಗಲಿ ಅರ್ಧಸತ್ಯವಾಗುತ್ತದೆ.

ಆರಂಭದ ದಶಕಗಳಲ್ಲಿ ದಕ್ಷಿಣ ಭಾರತದ ಕಾಫಿ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆಯಿರುವುದು ಸಾಮಾನ್ಯವಾಗಿತ್ತು; ದಲಿತರಿಗೆ ಬಾಗಿಲೇ ಇರಲಿಲ್ಲ. ತಮಿಳುನಾಡಿನ ಕಾಫಿ ಹೋಟೆಲುಗಳ ಈ ಪದ್ಧತಿಯನ್ನು ಎ. ಆರ್. ವೆಂಕಟಾಚಲಪತಿ ಅವರು ವಿವರವಾಗಿ ಚರ್ಚಿಸಿದ್ದಾರೆ. ಎಂಜಲಿನ ಭಯವೂ ವಿನ್ಯಾಸವನ್ನು ರೂಪಿಸಿತು. ತುಟಿಗೆ ತಾಗಿಸದೆ ಎತ್ತಿ ಕುಡಿಯಲು ಅಂಚು ಮಡಿಚಿದ ಲೋಟ, ಬಿಸಿ ಆರಿಸಲು ಬಟ್ಟಲು, ಉಂಡು ಬಿಸಾಡಲು ಬಾಳೆಲೆ ಇವೆಲ್ಲವೂ ಅಪರಿಚಿತರ ಎಂಜಲಿನಿಂದ ದೂರವಿರುವ ಉಪಾಯಗಳೂ ಹೌದು. ಇಂದು ಸೊಗಸಿನ ಗುರುತಾಗಿರುವ ಲೋಟ-ಬಟ್ಟಲಿನ ಹಿಂದೆ ಇಂತಹ ಅಂಜಿಕೆಯೂ ಇದೆ.

ಎರಡನೆಯ ಮಹಾಯುದ್ಧದ ಕಾಲ ಉಪಾಹಾರಗೃಹಗಳನ್ನು ಇನ್ನೊಂದು ಬಗೆಯಲ್ಲಿ ಪರೀಕ್ಷಿಸಿತು. 1942ರಲ್ಲಿ ಬರ್ಮಾ ಜಪಾನೀಯರ ವಶವಾದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಯ ಅಭಾವದಲ್ಲಿ ರವೆಯಿಂದ ಇಡ್ಲಿ ಮಾಡುವ ಪ್ರಯೋಗ ತಮ್ಮಲ್ಲಿ ನಡೆಯಿತೆಂದು ಮಾವಳ್ಳಿ ಟಿಫಿನ್ ರೂಮ್ಸ್‌ನವರು ಹೇಳುತ್ತ ಬಂದಿದ್ದಾರೆ. ಇದೇ ಬಿಕ್ಕಟ್ಟಿನ ನಡುವೆ, 1943ರಲ್ಲಿ, ಗಾಂಧಿ ಬಜಾರಿನಲ್ಲಿ 'ವಿದ್ಯಾರ್ಥಿ ಭವನ' ಆರಂಭವಾಯಿತು. ಈ ಹೆಸರು ಕುಲವನ್ನು ಹೇಳದೆ ಗಿರಾಕಿಯ ವಯಸ್ಸು ಮತ್ತು ವೃತ್ತಿಯನ್ನು ಹೇಳುತ್ತದೆ ಎಂಬುದು ಗಮನಾರ್ಹ. ಮಾವಳ್ಳಿಯಲ್ಲೂ ಅಂತಹದೇ ಪಲ್ಲಟ ನಡೆಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿನಲ್ಲಿ ಪ್ರವಾಸ ಮಾಡಿ, ಅಲ್ಲಿನ ಊಟದ ಮನೆಗಳ ಶುಚಿತ್ವದ ಕ್ರಮವನ್ನು ಕಂಡು ಬಂದರು. ಪಾತ್ರೆಗಳನ್ನು ಕುದಿಯುವ ಹಬೆಯಲ್ಲಿ ಶುದ್ಧಗೊಳಿಸುವುದು, ಅಡುಗೆಮನೆಯನ್ನು ಗಿರಾಕಿಗಳು ನೋಡಲು ಬಿಡುವುದು ಮೊದಲಾದ ಪದ್ಧತಿಗಳು ಆ ಬಳಿಕ ಬಂದವು. ಹಳೆಯ ಹೆಸರೂ ಹೋಯಿತು. ನಂಬಿಕೆಗೆ ಅಡುಗೆಯವನ ಜನಿವಾರದ ಬದಲು ತೊಳೆದ ಪಾತ್ರೆ ಆಧಾರವಾದ ಈ ಸ್ಥಿತ್ಯಂತರವನ್ನು ಮಡಿಯಿಂದ ಶುಚಿಗೆ ನಡೆದ ಪಯಣ ಎನ್ನಬಹುದು.

ಪಯಣ ಪೂರ್ಣವಾಗಲಿಲ್ಲ. 1965ರಲ್ಲಿ ಶಂಕರಪುರದಲ್ಲಿ ತೆರೆದ ಪುಟ್ಟ ಉಪಾಹಾರಗೃಹ 'ಬ್ರಾಹ್ಮಿನ್ಸ್ ಕಾಫಿ ಬಾರ್' ಎಂಬ ಹೆಸರನ್ನೇ ಇಟ್ಟುಕೊಂಡಿತು. ಅದರ ಮುಂದಿನ ಕಾಲುದಾರಿಯಲ್ಲಿ ಇಡ್ಲಿ, ವಡೆಯ ತಟ್ಟೆ ಹಿಡಿದು ನಿಂತವರ ನಡುವೆ ಕುಲದ ವಿಚಾರಣೆ ನಡೆಯುವುದಿಲ್ಲ. ಹೆಸರು ಮಾತ್ರ ವ್ಯಾಪಾರಮುದ್ರೆಯಾಗಿ ಉಳಿದಿದೆ. ಅರ್ಥ ಸವೆದ ಮೇಲೂ ಪದ ಉಳಿಯುವುದು ಶಾಸನಗಳ ಓದುಗರಿಗೆ ಹೊಸತಲ್ಲ.

ಬಾಗಿಲಿನ ಇನ್ನೊಂದು ಹೆಸರು

ಬೆಂಗಳೂರಿನ ಉಪಾಹಾರಗೃಹಗಳ ಚರಿತ್ರೆಯನ್ನು ಇಡ್ಲಿ, ದೋಸೆಗಳಿಗೆ ಸೀಮಿತಗೊಳಿಸುವುದು ಸರಿಯಾಗದು. ಈ ನಾಡಿನ ಬಹುಸಂಖ್ಯಾತರು ಮಾಂಸಾಹಾರಿಗಳು. ಅವರ ಹೊರಗಿನ ಊಟದ ಮನೆಗೆ 'ಮಿಲಿಟರಿ ಹೋಟೆಲ್' ಎಂದು ಹೆಸರಾಯಿತು. ಸೈನಿಕರು ಮಾಂಸ ತಿನ್ನುವವರೆಂಬ ಕಾರಣದಿಂದ ಈ ಪದ ಬಳಕೆಗೆ ಬಂದಿತೆಂಬುದು ಸಾಮಾನ್ಯ ವಿವರಣೆ. ಮೂಲ ಏನೇ ಇರಲಿ, ಪದದ ಕೆಲಸ ಸ್ಪಷ್ಟವಾಗಿದೆ. 'ಮಾಂಸ' ಎಂಬ ಮಾತನ್ನು ಫಲಕದ ಮೇಲೆ ಬರೆಯದೆಯೇ ತಿಳಿಸುವ ಸಂಕೇತವದು. ಸಸ್ಯಾಹಾರಿ ಹೋಟೆಲಿಗೆ ಬರಿಯ 'ಹೋಟೆಲ್' ಎಂದರೆ ಸಾಕು. ಮಾಂಸಾಹಾರಿ ಹೋಟೆಲಿಗೆ ವಿಶೇಷಣ ಬೇಕು. ಸಂಖ್ಯೆಯಲ್ಲಿ ಹೆಚ್ಚಿರುವವರ ಆಹಾರವೇ ಭಾಷೆಯಲ್ಲಿ ಅಪವಾದವಾದುದು ಸಾಮಾಜಿಕ ಅಧಿಕಾರದ ಗುರುತು. 'ಹಿಂದೂ ಮಿಲಿಟರಿ ಹೋಟೆಲ್' ಎಂಬ ಫಲಕವಂತೂ ಮಾಂಸದೊಳಗೂ ಇನ್ನೊಂದು ಗೆರೆಯನ್ನು ಎಳೆಯುತ್ತದೆ.

ಕಾಟನ್‌ಪೇಟೆಯ ಸುತ್ತಮುತ್ತ ಮರಾಠಾ ಕುಟುಂಬಗಳು ನಡೆಸಿಕೊಂಡು ಬಂದ ಮಿಲಿಟರಿ ಹೋಟೆಲುಗಳಲ್ಲಿ ಮುದ್ದೆ, ಕಾಲ್‌ಸೂಪು, ತಲೆಮಾಂಸ, ಬಿರಿಯಾನಿಗಳು ಬಾಳೆಲೆ ಅಥವಾ ಮುತ್ತುಗದ ಎಲೆಯ ಮೇಲೆ ಬಂದವು. ಗಿರಣಿ ಕಾರ್ಮಿಕರು, ಹಮಾಲರು, ಲಾರಿ ಚಾಲಕರು, ಮಾರುಕಟ್ಟೆಗೆ ಬಂದ ರೈತರು ಇಲ್ಲಿನ ಗಿರಾಕಿಗಳು. ಮೈಸೂರು ಸೀಮೆಯ ಒಕ್ಕಲುಮಕ್ಕಳ ಮುದ್ದೆಗೆ ನಗರದಲ್ಲಿ ಮೊದಲಿಗೆ ಮೇಜು ಒದಗಿಸಿದವುಗಳಲ್ಲಿ ಈ ಹೋಟೆಲುಗಳು ಸೇರಿವೆ. ದಂಡಿನ ಕಡೆ ಶಿವಾಜಿನಗರದಲ್ಲಿ, 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಸುತ್ತಲಿನ ಗಲ್ಲಿಗಳಲ್ಲಿ, ಕಬಾಬು, ಪರೋಟ, ಸುಲೇಮಾನಿ ಚಹಗಳ ಬೇರೆಯೇ ಲೋಕ ಬೆಳೆಯಿತು. ರಂಜಾನ್ ಮಾಸದ ಸಂಜೆಗಳಲ್ಲಿ ಅಲ್ಲಿಗೂ ಫ್ರೇಜರ್ ಟೌನಿನ ಮಸೀದಿ ರಸ್ತೆಗೂ ಎಲ್ಲ ಮತದವರು ತಿನ್ನಲು ಹೋಗುವುದು ಇತ್ತೀಚಿನ ದಶಕಗಳ ವಾಡಿಕೆ.

ಬೇಕರಿಯ ಕಥೆ ಇವೆರಡರ ನಡುವಿನದು. ಬ್ರೆಡ್ಡು, ಬನ್ನುಗಳು ದೊರೆಗಳ ತಿನಿಸು. ಮೊಟ್ಟೆ, ಹುಳಿಹಿಟ್ಟುಗಳ ಶಂಕೆ ಅವುಗಳ ಸುತ್ತ ಇತ್ತು. ಹಾಸನದ ಕಡೆಯ ಅಯ್ಯಂಗಾರ್ ಕುಟುಂಬಗಳು ಈ ವೃತ್ತಿಗಿಳಿದು ಮೊಟ್ಟೆಯಿಲ್ಲದ ತಿನಿಸುಗಳನ್ನು ಸುಟ್ಟಾಗ ಶಂಕೆ ನೀಗಿತು. ಚಿಕ್ಕಪೇಟೆಯಲ್ಲಿ 1898ರಲ್ಲಿ ಆರಂಭವಾದ ಬಿ. ಬಿ. ಬೇಕರಿಯನ್ನು ಈ ಪರಂಪರೆಯ ಮೊದಲನೆಯದೆಂದು ಗುರುತಿಸಲಾಗುತ್ತದೆ. ಖಾರದ ಬನ್ನು, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತುಗಳು ದಂಡಿನ ಒಲೆಯಿಂದ ಪೇಟೆಯ ನಾಲಗೆಗೆ ದಾಟಿದುದು ಒಂದು ಕುಲನಾಮದ ಆಶ್ರಯದಲ್ಲಿ. ಪರಕೀಯವಾದುದನ್ನು ಒಳಗೆ ಬಿಟ್ಟುಕೊಳ್ಳಲು ಬೆಂಗಳೂರು ಜಾತಿಯ ಹೆಸರನ್ನೇ ರಹದಾರಿಯಾಗಿ ಬಳಸಿತು.

ಕಾನೂನು ಮತ್ತು ಲೋಟ

ಮೈಸೂರು ಸಂಸ್ಥಾನವು 1943ರಲ್ಲಿ ನಾಗರಿಕ ಅನರ್ಹತೆಗಳ ನಿವಾರಣೆಗೆ ಕಾಯಿದೆಯೊಂದನ್ನು ತಂದಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಪ್ರವೇಶವನ್ನು ಜಾತಿಯ ಕಾರಣದಿಂದ ನಿರಾಕರಿಸಲಾಗದೆಂದು ಸ್ಪಷ್ಟವಾಗಿ ಹೇಳಿತು. ಗಣರಾಜ್ಯದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ಹೋಟೆಲೆಂಬ ಪದ ಸೇರಿದುದೇ ಈ ವಿಷಯದ ಗಾಂಭೀರ್ಯಕ್ಕೆ ಸಾಕ್ಷಿ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಮುಂದಕ್ಕೆ ಹೋಗಿ, ಉಪಾಹಾರಗೃಹಗಳಲ್ಲಿ ಸಾರ್ವಜನಿಕರಿಗಾಗಿ ಇಟ್ಟ ಪಾತ್ರೆಗಳ ಬಳಕೆಗೆ ಅಡ್ಡಿಪಡಿಸುವುದನ್ನೂ ದಂಡನೀಯವೆಂದಿತು. ಶಾಸಕಾಂಗದ ದೃಷ್ಟಿ ಬಾಗಿಲನ್ನು ದಾಟಿ ಲೋಟದವರೆಗೆ ತಲುಪಿತು. ಹಳ್ಳಿಗಳ ಚಹದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಪದ್ಧತಿ ಈ ಕಾಯಿದೆಯ ಬಳಿಕವೂ ದಶಕಗಳ ಕಾಲ ಮುಂದುವರಿಯಿತೆಂಬುದು ಕಾನೂನಿನ ಮಿತಿಯನ್ನು ಹೇಳುತ್ತದೆ. ನಗರದಲ್ಲಿ ಈ ಪದ್ಧತಿ ಹೆಚ್ಚು ಬೇಗ ಸಡಿಲವಾಗಲು ಅಪರಿಚಿತತೆ ನೆರವಾಯಿತು. ಗಲ್ಲಾದ ಮುಂದೆ ನಿಂತವನ ಕೇರಿ ಯಾವುದೆಂದು ಹೋಟೆಲಿನವನಿಗೆ ಗೊತ್ತಾಗುವ ಬಗೆ ಇರಲಿಲ್ಲ.

1957ನೆಯ ವರ್ಷದ ಎರಡು ಘಟನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟು ನೋಡಬಹುದು. ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಹೋಟೆಲೊಂದರ ಫಲಕದಿಂದ 'ಬ್ರಾಹ್ಮಣರ' ಎಂಬ ಪದವನ್ನು ತೆಗೆಯಬೇಕೆಂದು ಪೆರಿಯಾರರ ದ್ರಾವಿಡ ಕಳಗಂ ಚಳವಳಿ ನಡೆಸಿತು. ಅದೇ ವರ್ಷದ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಇಂಡಿಯನ್ ಕಾಫಿ ಕಾರ್ಮಿಕರ ಸಹಕಾರ ಸಂಘ ಸ್ಥಾಪನೆಯಾಯಿತು. ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡವರು ಎ. ಕೆ. ಗೋಪಾಲನ್ ಮೊದಲಾದವರ ಪ್ರೇರಣೆಯಿಂದ ತಾವೇ ಒಡೆಯರಾದರು. ಮೊದಲನೆಯದು ಉಣ್ಣುವವರ ಸಮಾನತೆಯ ಪ್ರಶ್ನೆ, ಎರಡನೆಯದು ಬಡಿಸುವವರ ಘನತೆಯ ಪ್ರಶ್ನೆ. ನಮ್ಮ ಹೋಟೆಲುಗಳ ಚರಿತ್ರೆಯಲ್ಲಿ ಎರಡನೆಯ ಪ್ರಶ್ನೆ ಹೆಚ್ಚಾಗಿ ಮೌನದಲ್ಲಿಯೇ ಉಳಿದಿದೆ. ಕರಾವಳಿಯಿಂದ ಎಳೆಯ ವಯಸ್ಸಿನಲ್ಲೇ ಬಂದು, ಲೋಟ ತೊಳೆದು, ಮಾಣಿಯಾಗಿ, ರಾತ್ರಿಶಾಲೆಯಲ್ಲಿ ಓದಿ ಒಡೆಯರಾದವರ ಕಥೆಗಳನ್ನು ನಾವು ಪ್ರೀತಿಯಿಂದ ಹೇಳುತ್ತೇವೆ. ಒಡೆಯರಾಗದೆ ಉಳಿದ ಹುಡುಗರ ಸಂಖ್ಯೆಯೇ ದೊಡ್ಡದು. ಹೋಟೆಲು, ಢಾಬಾ, ಚಹದಂಗಡಿಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2006ರ ಅಕ್ಟೋಬರ್ 10ರಿಂದ.

ನಿಂತು ತಿನ್ನುವ ಕಾಲ

1970ರ ದಶಕ ಹೋಟೆಲು ಉದ್ಯಮಕ್ಕೆ ಕಠಿಣವಾಗಿತ್ತು. ತುರ್ತು ಪರಿಸ್ಥಿತಿಯ ಕಾಲದ ಬೆಲೆ ನಿಯಂತ್ರಣದಿಂದ ಮಾವಳ್ಳಿ ಟಿಫಿನ್ ರೂಮ್ಸ್ ಕೆಲಕಾಲ ಬಾಗಿಲು ಮುಚ್ಚಿ, ಸಿದ್ಧ ಹಿಟ್ಟು, ಪುಡಿಗಳ ತಯಾರಿಕೆಯತ್ತ ತಿರುಗಿತು. ಅದೇ ದಶಕದಲ್ಲಿ, 1974ರ ಭೂಸುಧಾರಣೆಯ ತಿದ್ದುಪಡಿಯ ಬಳಿಕ, ಗೇಣಿ ಭೂಮಿ ಕಳೆದುಕೊಂಡ ಕರಾವಳಿಯ ಹಲವು ಕುಟುಂಬಗಳವರು ಹೋಟೆಲು ವೃತ್ತಿಯನ್ನು ಅರಸಿದರು. ನಗರದಲ್ಲಿ ಬಾಡಿಗೆ ಏರುತ್ತಿತ್ತು, ಗಿರಾಕಿಗೆ ಬಿಡುವು ಕಡಿಮೆಯಾಗುತ್ತಿತ್ತು.

ಈ ಸನ್ನಿವೇಶದಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯಂತೆ 1983ರಲ್ಲಿ ಜಯನಗರದಲ್ಲಿ 'ಕೆಫೆ ದರ್ಶಿನಿ' ಆರಂಭವಾಯಿತು. ಕುರ್ಚಿಯಿಲ್ಲ, ಮಾಣಿಯಿಲ್ಲ. ಮೊದಲು ಹಣ ಕೊಟ್ಟು ಚೀಟಿ ಪಡೆಯಬೇಕು, ಕಟ್ಟೆಯ ಬಳಿ ಹೋಗಿ ತಟ್ಟೆ ಪಡೆಯಬೇಕು, ಎದೆಯೆತ್ತರದ ಮೇಜಿನ ಬಳಿ ನಿಂತು ತಿನ್ನಬೇಕು. ಸ್ವಲ್ಪ ಜಾಗದಲ್ಲಿ ಹೆಚ್ಚು ಜನ, ಕಡಿಮೆ ಆಳು, ಕಡಿಮೆ ಬೆಲೆ ಎಂಬುದು ಇದರ ಅರ್ಥಶಾಸ್ತ್ರ. ಕೆಲವೇ ವರ್ಷಗಳಲ್ಲಿ 'ದರ್ಶಿನಿ' ಒಂದು ಹೋಟೆಲಿನ ಹೆಸರಾಗಿ ಉಳಿಯದೆ ಒಂದು ಬಗೆಯ ಹೋಟೆಲುಗಳಿಗೆಲ್ಲ ಸಾಮಾನ್ಯನಾಮವಾಯಿತು.

ಸಾಮಾಜಿಕ ದೃಷ್ಟಿಯಿಂದ ದರ್ಶಿನಿಯ ಮಹತ್ವವಿರುವುದು ಅದು ಪಂಕ್ತಿಯನ್ನೇ ಇಲ್ಲವಾಗಿಸಿದುದರಲ್ಲಿ. ಪಂಕ್ತಿಭೇದಕ್ಕೆ ಮೊದಲು ಪಂಕ್ತಿ ಬೇಕು. ಕುಳಿತುಕೊಳ್ಳುವ ಕ್ರಮ, ಬಡಿಸುವ ಕ್ರಮ, ಏಳುವ ಕ್ರಮ ಬೇಕು. ನಿಂತವರ ಗುಂಪಿನಲ್ಲಿ ಮೊದಲ ಎಲೆ, ಕೊನೆಯ ಎಲೆ ಎಂಬುದಿಲ್ಲ. ಗುಮಾಸ್ತ, ಆಟೋ ಚಾಲಕ, ಬಡಾವಣೆಯ ನಿವೃತ್ತ ಅಧಿಕಾರಿ, ಕಟ್ಟಡದ ಮೇಸ್ತ್ರಿ ಒಂದೇ ಚಟ್ನಿ ಪಾತ್ರೆಗೆ ಕೈ ನೀಡಿದರು. ಎರಡು ಲೋಟಗಳಿಗೆ ಹಂಚಿದ 'ಬೈಟು' ಕಾಫಿ ಈ ನಗರದ ಮಾತಿನ ಸಲುಗೆಯಾಯಿತು. 'ದರ್ಶಿನಿ' ಎಂಬ ಪದದಲ್ಲೂ ಕುಲವಿಲ್ಲ, ಕಾಣಿಸುವ ಗುಣವಿದೆ. ಒಲೆ, ಹಂಚು, ಭಟ್ಟರ ಕೈ ಎಲ್ಲವೂ ಗಿರಾಕಿಗೆ ಕಾಣುತ್ತವೆ. ಯಾವ ಸುಧಾರಕನೂ ಭಾಷಣ ಮಾಡದೆ ಈ ಬದಲಾವಣೆ ನಡೆಯಿತು.

ಗೆರೆ ಮಾತ್ರ ಇನ್ನೂ ಎರಡು ಕಡೆ ಉಳಿಯಿತು. ದರ್ಶಿನಿಗಳು ಬಹುತೇಕ ಸಸ್ಯಾಹಾರಿಯಾಗಿಯೇ ಇರುವುದರಿಂದ ಎಲ್ಲರೂ ಸೇರಬಹುದಾದ ಸ್ಥಳದ ಆಹಾರ ಎಲ್ಲರ ಆಹಾರವಾಗಲಿಲ್ಲ. ಇನ್ನೊಂದು ಗೆರೆ ಕಟ್ಟೆಯ ಹಿಂದಿನದು. ಹಂಚಿನ ಮುಂದೆ ನಿಲ್ಲುವವರೂ ತಟ್ಟೆ ತೊಳೆದು ನೆಲ ಒರೆಸುವವರೂ ಒಂದೇ ಸಾಮಾಜಿಕ ಹಿನ್ನೆಲೆಯವರಾಗಿರುವುದು ಅಪರೂಪ.

ಬೀದಿಯ ಹಕ್ಕು

ದರ್ಶಿನಿಯ ಬಾಗಿಲಿನಿಂದ ಇಳಿದರೆ ಬೀದಿ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಸುತ್ತ ನಸುಕಿಗೆ ಮೊದಲೇ ಹೂವಿನ ಮೂಟೆ ಹೊತ್ತವರಿಗೆ ಚಿತ್ರಾನ್ನ, ಇಡ್ಲಿ, ಚಹ ಸಿಗುವುದು ತಳ್ಳುಗಾಡಿಗಳಲ್ಲಿ. ಕಡಲೆಪುರಿಯ ಬುಟ್ಟಿಯಿಂದ ಆರಂಭವಾದ ಬೀದಿ ತಿಂಡಿ ಮುಸುರೆಯ ಗೆರೆಯನ್ನು ಪೂರ್ತಿ ದಾಟಿದ್ದು ಇಲ್ಲಿ. ಅನ್ನ, ಮುದ್ದೆ, ಸಾರುಗಳೇ ಗಾಡಿಯ ಮೇಲೆ ಬಂದವು. ಕೆಲಸ ಅರಸಿ ಉತ್ತರ ಕರ್ನಾಟಕದಿಂದ ಬಂದವರ ಹಿಂದೆ ಜೋಳದ ರೊಟ್ಟಿಯೂ ಖಾನಾವಳಿಯೂ ಬಂದವು. ಉತ್ತರ ಭಾರತದ ಪಾನಿಪುರಿ, ಚೀನೀ ಹೆಸರಿನ ಗೋಬಿ ಮಂಚೂರಿ, ವಿಶ್ವೇಶ್ವರಪುರದ ತಿಂಡಿ ಬೀದಿಯ ಅವರೆಕಾಯಿ ದೋಸೆ, ಹೋಳಿಗೆ ಒಂದೇ ನಗರದ ಸಂಜೆಗೆ ಸೇರಿದವು. ಹೋಟೆಲಿನ ಗಲ್ಲಾದಲ್ಲಿ ಹೆಂಗಸರನ್ನು ಕಾಣುವುದು ಅಪರೂಪವಾಗಿದ್ದ ನಗರದಲ್ಲಿ ಬುಟ್ಟಿ, ಗಾಡಿಗಳ ಹಿಂದೆ ಅವರು ಒಡತಿಯರಾಗಿ ನಿಂತರು.

ಹೋಟೆಲಿಗೆ ಸಂಬಂಧಿಸಿದ ಪ್ರಶ್ನೆ ಒಳಗೆ ಬರಬಹುದಾದವರು ಯಾರು ಎಂಬುದಾಗಿತ್ತು. ಬೀದಿಗೆ ಸಂಬಂಧಿಸಿದ ಪ್ರಶ್ನೆ ನಿಲ್ಲಬಹುದಾದವರು ಯಾರು ಎಂಬುದು. ಸೋದನ್ ಸಿ೦ಗ್ ಪ್ರಕರಣದಲ್ಲಿ 1989ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬೀದಿ ವ್ಯಾಪಾರವನ್ನು ಸಂವಿಧಾನದತ್ತ ವೃತ್ತಿ ಸ್ವಾತಂತ್ರ್ಯದ ಭಾಗವೆಂದು, ಸಮಂಜಸ ನಿರ್ಬಂಧಗಳಿಗೆ ಒಳಪಟ್ಟು, ಮಾನ್ಯ ಮಾಡಿತು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಸಮೀಕ್ಷೆಯಾಗುವ ಮುನ್ನ ಯಾರನ್ನೂ ಎತ್ತಂಗಡಿ ಮಾಡಬಾರದೆಂದು ವಿಧಿಸಿ, ಪಟ್ಟಣ ವ್ಯಾಪಾರ ಸಮಿತಿಗಳಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ವ್ಯಾಪಾರಿಗಳ ಪ್ರತಿನಿಧಿಗಳಿಗೂ, ಅದರಲ್ಲಿ ಮೂರನೆಯ ಒಂದು ಭಾಗವನ್ನು ಮಹಿಳೆಯರಿಗೂ ಮೀಸಲಿಟ್ಟಿತು. ತೆರವಿನ ವಾಹನ ಬಂದಾಗ ಕಾವಲಿಯನ್ನು ಎತ್ತಿಕೊಂಡು ಓಡುವ ದೃಶ್ಯ ಮಾತ್ರ ನಗರದಿಂದ ಮರೆಯಾಗಿಲ್ಲ.

ಮಡಿಯ ಭಾಷೆ ಹಿಂದೆ ಸರಿದಂತೆ ಆರೋಗ್ಯದ ಭಾಷೆ ಮುಂದೆ ಬಂದಿದೆ. 2006ರ ಆಹಾರ ಸುರಕ್ಷತೆ ಕಾಯಿದೆಯ ವ್ಯಾಪ್ತಿಗೆ ತಳ್ಳುಗಾಡಿಯೂ ಬರುತ್ತದೆ. 2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಗಳ ಬಳಕೆಯನ್ನೂ, ಬೊಂಬಾಯಿ ಮಿಠಾಯಿಯಲ್ಲಿ ರೋಡಮೈನ್-ಬಿ ಬಳಕೆಯನ್ನೂ ನಿಷೇಧಿಸಿತು. 2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದರ ಮೇಲೆ ನಿರ್ಬಂಧ ಬಂದಿತು. ಇವು ಅಗತ್ಯವಾದ ಕ್ರಮಗಳೇ. ಆದರೆ ಶುಚಿತ್ವದ ಹೊಣೆಯನ್ನು ಗಾಡಿಯವರ ಮೇಲೆ ಹೊರಿಸುವ ನಗರವು ಅವರಿಗೆ ಕುಡಿಯುವ ನೀರಿನ ನಲ್ಲಿಯನ್ನೂ, ಕಸ ಹಾಕುವ ಜಾಗವನ್ನೂ, ಶೌಚಾಲಯವನ್ನೂ ಒದಗಿಸಬೇಕಾಗುತ್ತದೆ. ಇಲ್ಲದಿದ್ದರೆ ಶುಚಿ ಎಂಬುದು ಮಡಿಯ ಇನ್ನೊಂದು ಹೆಸರಾಗಿ ಬಡವರನ್ನು ದೂರವಿಡುವ ಸಾಧನವಾದೀತು.

2017ರ ಆಗಸ್ಟ್ 16ರಂದು ಜಯನಗರದ ಕನಕನಪಾಳ್ಯದಲ್ಲಿ ಮೊದಲ ಇಂದಿರಾ ಕ್ಯಾಂಟೀನ್ ಉದ್ಘಾಟನೆಯಾಯಿತು. ಬೆಳಗಿನ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಎಂದು ಆಗ ನಿಗದಿಯಾಯಿತು. ಇದು ಛತ್ರವೂ ಅಲ್ಲ, ಹೋಟೆಲೂ ಅಲ್ಲ. ಛತ್ರದಂತೆ ಲಾಭವಿಲ್ಲದ ಅನ್ನ, ದರ್ಶಿನಿಯಂತೆ ಚೀಟಿ ಹರಿಸಿ ನಿಂತು ತಿನ್ನುವ ಕ್ರಮ. ಅನ್ನವನ್ನು ಇಡುವುದು, ಮಾರುವುದು ಎಂಬ ಹಳೆಯ ದ್ವಂದ್ವ ಇಲ್ಲಿ ಹೊಸ ರೂಪದಲ್ಲಿ ಕೂಡಿದೆ. ಅಲ್ಪಬೆಲೆಯನ್ನಾದರೂ ಕೊಟ್ಟು ತಿನ್ನುವವನು ಬೇಡುವವನಾಗುವುದಿಲ್ಲ ಎಂಬ ಅರಿವು ಇದರ ಹಿಂದಿದೆ.

ಉಪಸಂಹಾರ

ಬೆಂಗಳೂರಿನಲ್ಲಿ ಅಪರಿಚಿತರು ಕೂಡಿ ಉಣ್ಣತೊಡಗಿದ್ದು ಒಂದೇ ದಿನದಲ್ಲಿ ಆದ ಬದಲಾವಣೆಯಲ್ಲ. ಕಡಲೆಪುರಿಯ ಬುಟ್ಟಿ, ಕಾಫಿ ಕ್ಲಬ್ಬಿನ ಕೋಣೆ, ಮಿಲಿಟರಿ ಹೋಟೆಲಿನ ಎಲೆ, ಕಾಫಿ ಹೌಸಿನ ಮೇಜು, ದರ್ಶಿನಿಯ ಕಟ್ಟೆ, ತಳ್ಳುಗಾಡಿಯ ಅಂಚು ಇವು ಅದರ ಮಜಲುಗಳು. ನಾಣ್ಯ, ಅವಸರ, ಅಪರಿಚಿತತೆ, ಅಕ್ಕಿಯ ಅಭಾವ, ಬಾಡಿಗೆಯ ಏರಿಕೆ ಮೊದಲಾದ ಲೌಕಿಕ ಕಾರಣಗಳು ಆಗುಮಾಡಿದ್ದನ್ನು ಸಂವಿಧಾನವು ಹಕ್ಕಾಗಿ ದೃಢಪಡಿಸಿತು. ಒಂದಿಲ್ಲದೆ ಇನ್ನೊಂದು ಸಾಲುತ್ತಿರಲಿಲ್ಲ.

ಉಣ್ಣುವವರ ನಡುವಿನ ಗೆರೆ ಬಹುಮಟ್ಟಿಗೆ ಮಸುಕಾಗಿದೆ. ಬೇಯಿಸುವವರು, ಬಡಿಸುವವರು, ತೊಳೆಯುವವರ ನಡುವಿನ ಗೆರೆ ಇನ್ನೂ ಕಾಣುತ್ತದೆ. ಬಾಗಿಲುಳ್ಳ ಹೋಟೆಲಿಗೂ ಬಾಗಿಲಿಲ್ಲದ ಗಾಡಿಗೂ ನಡುವಿನ ಗೆರೆ ದಿನೇ ದಿನೇ ದಪ್ಪವಾಗುತ್ತಿದೆ. ಹಳೆಯ ಹೋಟೆಲುಗಳು ಮುಚ್ಚಿದಾಗ ಅವುಗಳ ರುಚಿಯನ್ನು ನೆನೆದು ಮರುಗುವವರು ಅನೇಕರಿದ್ದಾರೆ. ಅವುಗಳ ಫಲಕಗಳನ್ನೂ, ಲೆಕ್ಕದ ಪುಸ್ತಕಗಳನ್ನೂ, ಅಲ್ಲಿ ದುಡಿದವರ ಮಾತುಗಳನ್ನೂ ಸಂಗ್ರಹಿಸುವ ಕೆಲಸ ಇನ್ನೂ ಆಗಬೇಕಾಗಿದೆ. ತಟ್ಟೆ ತೊಳೆದವರ ನೆನಪುಗಳು ದಾಖಲಾದ ದಿನ ಈ ನಗರದ ಊಟದ ಚರಿತ್ರೆ ಪೂರ್ಣತೆಯ ಕಡೆಗೆ ಒಂದು ಹೆಜ್ಜೆ ಇಟ್ಟೀತು.